ಮಜಗಾಂವಿಗೆ ಚರಿತ್ರೆಯಿಲ್ಲವಂತೆ!



ಕಳೆದ ತಿಂಗಳು ನಮ್ಮವರದೇ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆದ ಮೇಲೆ ಮುಖ್ಯ ಅತಿಥಿಗಳು ಮಾತಿಗೆ ಎದ್ದರು. "ಮಜಗಾಂವ್, ದಾರುಖಾನಾ, ರೇ ರೋಡು, ಇಲ್ಲೆಲ್ಲಾ ಏನಿದೆ? ಗುಜರಿ, ಗುಡಿಸಲು, ಗಬ್ಬು ವಾಸನೆ. ಅದನ್ನೆಲ್ಲಾ ತೆರವು ಮಾಡಿ ಸುಂದರ ತೀರವನ್ನು ಕಟ್ಟಬೇಕು. ಚರಿತ್ರೆಯಿಲ್ಲದ ಜಾಗಕ್ಕೆ ಒಂದು ಚರಿತ್ರೆ ಕೊಡಬೇಕು" ಎಂದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಮ್ಮ ಹೋಟೆಲು ಹುಡುಗರೂ ಇದ್ದರು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ನಾನು ಏಳನೆಯ ತರಗತಿಯವರೆಗೆ ಓದಿದವನು. ಆದರೆ ಡಾಕ್‌ಯಾರ್ಡ್ ರೋಡ್ ಸ್ಟೇಶನ್ನಿನ ಬಳಿ ಆರು ವರ್ಷ ಮೇಜು ಒರಸಿದ್ದೇನೆ, ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿದ್ದೇನೆ. ಆ ಮಹಾಶಯರಿಗೆ ಉತ್ತರ ಹೇಳಲು ಅಷ್ಟು ವಿದ್ಯೆ ಸಾಕು.

ಮಜಗಾಂವ್ ಮುಂಬಯಿಯ ಏಳು ದ್ವೀಪಗಳಲ್ಲಿ ಒಂದು. ಕೋಟೆ ಕಟ್ಟುವುದಕ್ಕೆ ಇಂಗ್ಲಿಷರು ಬರುವ ಮೊದಲೇ ಅಲ್ಲಿ ಬೆಸ್ತರಿದ್ದರು, ತೋಟಗಳಿದ್ದವು. ಪೋರ್ತುಗೀಜರ ಕಾಲದಲ್ಲಿ, ೧೬೩೨ರಲ್ಲಿ, ಗ್ಲೋರಿಯಾ ಇಗರ್ಜಿ ಎದ್ದದ್ದು ಅಲ್ಲಿಯೇ. ಈಗ ಅದೇ ಹೆಸರಿನ ಇಗರ್ಜಿ ಬೈಕಲಾದಲ್ಲಿದೆ. ಮಜಗಾಂವಿನ ಮಾವಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ೧೭೭೪ರಲ್ಲಿ ಅಲ್ಲಿ ಹಡಗು ರಿಪೇರಿಯ ಸಣ್ಣ ಗೋದಿ ಆಯಿತು. ಅದೇ ಬೆಳೆದು ಮಜಗಾಂವ್ ಡಾಕ್ ಆಯಿತು. ೧೯೬೦ರಲ್ಲಿ ಸರಕಾರ ಅದನ್ನು ಕೊಂಡಿತು. ೧೯೭೨ರಲ್ಲಿ ನೌಕಾಪಡೆಗೆ ಸೇರಿದ 'ನೀಲಗಿರಿ' ಯುದ್ಧನೌಕೆಯನ್ನು ಕಟ್ಟಿದ ಕೈಗಳು ಇಲ್ಲಿಯವೇ. ಇದು ಚರಿತ್ರೆಯಲ್ಲವಾದರೆ ಚರಿತ್ರೆ ಎಂದರೆ ಯಾವುದು, ಮಲಬಾರ್ ಹಿಲ್ಲಿನ ಬಂಗಲೆಗಳ ಹೆಸರುಗಳೇ?

೧೮೭೩ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪನೆಯಾಯಿತು. ೧೮೮೦ರಲ್ಲಿ ಪ್ರಿನ್ಸೆಸ್ ಡಾಕ್, ೧೮೮೮ರಲ್ಲಿ ವಿಕ್ಟೋರಿಯಾ ಡಾಕ್, ೧೯೧೪ರಲ್ಲಿ ಅಲೆಕ್ಸಾಂಡ್ರಾ ಡಾಕ್. ಹೆಸರುಗಳೆಲ್ಲಾ ರಾಜಮನೆತನದವು. ಆದರೆ ಸಮುದ್ರಕ್ಕೆ ಕಲ್ಲುಮಣ್ಣು ತುಂಬಿದವನು, ಹತ್ತಿಯ ಬೇಲು ಹೊತ್ತವನು, ಕಲ್ಲಿದ್ದಲು ಸುರಿದವನು ರಾಜನಲ್ಲ. ಅವನ ಹೆಸರು ಯಾವ ಗೋದಿಗೂ ಇಟ್ಟಿಲ್ಲ.

೧೯೪೪ರ ಏಪ್ರಿಲ್ ೧೪ನ್ನು ನೆನೆಯಿರಿ. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಹಡಗಿನಲ್ಲಿ ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿಗಳನ್ನು ಒಟ್ಟಿಗೆ ತುಂಬಿದ್ದರು. ಹತ್ತಿಗೆ ಬೆಂಕಿ ಬಿತ್ತು. ಸಂಜೆ ನಾಲ್ಕರ ಮೇಲೆ ಎರಡು ಸಲ ಸಿಡಿಯಿತು. ಬೆಂಕಿ ಆರಿಸಲು ಹೋದ ೬೬ ಮಂದಿ ಅಗ್ನಿಶಾಮಕರು ಸತ್ತರು. ಒಟ್ಟು ಸತ್ತವರೆಷ್ಟು? ಒಬ್ಬರು ೮೦೦ ಎನ್ನುತ್ತಾರೆ, ಇನ್ನೊಬ್ಬರು ೧,೩೦೦ ಎನ್ನುತ್ತಾರೆ. ಹೂಳೆತ್ತುವಾಗ ಸಿಕ್ಕಿದ ಚಿನ್ನದ ಗಟ್ಟಿಗೆ ಲೆಕ್ಕವಿತ್ತು; ಕೂಲಿಯವನ ಹೆಣಕ್ಕೆ ಲೆಕ್ಕವಿರಲಿಲ್ಲ. ಬಂಧುಗಳೇ, ಲೆಕ್ಕ ಎಂಬ ಈ ಮಾತನ್ನು ಮನಸ್ಸಿನಲ್ಲಿಡಿರಿ. ಮುಂದೆ ಮತ್ತೆ ಬರುತ್ತದೆ.

೧೯೪೬ರ ಫೆಬ್ರವರಿಯಲ್ಲಿ ನೌಕಾಪಡೆಯ ನಾವಿಕರು ದಂಗೆ ಎದ್ದಾಗ, ಅವರ ಬೆನ್ನಿಗೆ ಗಿರಣಿ ಬಿಟ್ಟು ಬೀದಿಗಿಳಿದು ಗುಂಡೇಟು ತಿಂದವರು ಯಾರು? ಪರಳ, ಲಾಲಬಾಗಿನ ಕಾರ್ಮಿಕರು. ಗೋದಿಗೂ ಗಿರಣಿಗೂ ನಡುವೆ ಇರುವುದು ಒಂದು ರೈಲು ಹಳಿಯ ದೂರ ಮಾತ್ರ.

ಅಲ್ಲಿನ ಭಂಡಾರವಾಡಾ ಗುಡ್ಡದ ಮೇಲೊಂದು ತೋಟವಿದೆ. ಅದಕ್ಕೆ ಜೋಸೆಫ್ ಬ್ಯಾಪ್ಟಿಸ್ಟರ ಹೆಸರು. ಇವರು ಮಜಗಾಂವಿನ ಮಾಥಾರಪಾಖಾಡಿ ವಾಡಿಯಲ್ಲಿ ೧೮೬೪ರಲ್ಲಿ ಹುಟ್ಟಿದವರು, ತಿಲಕರ ಒಡನಾಡಿ, ೧೯೨೫ರಲ್ಲಿ ಮುಂಬಯಿಯ ಮೇಯರ್. ೧೯೨೦ರಲ್ಲಿ ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಚಪ್ಪಾಳೆ ತಟ್ಟಿದ ಹುಡುಗರು ರಜೆಯ ಮಧ್ಯಾಹ್ನ ಅದೇ ತೋಟದ ಬೆಂಚಿನ ಮೇಲೆ ಮಲಗುತ್ತಾರೆ. ಅದು ಯಾರ ಹೆಸರೆಂದು ಅವರಿಗೆ ಯಾರೂ ಹೇಳಿಲ್ಲ.

ಇನ್ನು ನಮ್ಮ ಊರಿನವರ ಮಾತು. ಗೋದಿಯ ಗೋಡೆಯುದ್ದಕ್ಕೂ ಓಡುವ ರಸ್ತೆಗೆ ಪಿ. ಡಿಮೆಲ್ಲೋ ಮಾರ್ಗ ಎಂದು ಹೆಸರು. ಡಿಮೆಲ್ಲೋ ಯಾರು? ನಮ್ಮ ಮಂಗಳೂರು ಕಡೆಯವರು. ದಿನಗೂಲಿಗಾಗಿ ತೋಳಿವಾಲನ ಕಾಲು ಹಿಡಿಯಬೇಕಾಗಿದ್ದ ಗೋದಿ ಕೂಲಿಗಳನ್ನು ಒಗ್ಗೂಡಿಸಿ, ಎದೆಯುಬ್ಬಿಸಿ ನಡೆಯುವಂತೆ ಮಾಡಿದವರು. ೧೯೪೮ರಲ್ಲಿ ಗೋದಿ ಕಾರ್ಮಿಕರ ಕಾನೂನು ಬಂದದ್ದು ಧನಿಗಳ ದಯೆಯಿಂದಲ್ಲ, ಇಂತಹವರ ಹೋರಾಟದಿಂದ. ಅವರು ೧೯೫೮ರಲ್ಲಿ ತೀರಿಕೊಂಡರು. ಮಂಗಳೂರಿನಲ್ಲಿ ಹೋಟೆಲು ಕಾರ್ಮಿಕರನ್ನು ಸಂಘಟಿಸಿ, ಬಳಿಕ ಬರಿಗೈಯಲ್ಲಿ ಮುಂಬಯಿಗೆ ಬಂದು, ಚೌಪಾಟಿಯ ಬೆಂಚಿನಲ್ಲಿ ಮಲಗಿದ ಜಾರ್ಜ್ ಫರ್ನಾಂಡಿಸರು ಯೂನಿಯನ್ ಕೆಲಸ ಕಲಿತದ್ದು ಈ ಡಿಮೆಲ್ಲೋ ಅವರ ಕೈಕೆಳಗೆ. ಇಂತಹ ಜಾಗಕ್ಕೆ ಕನ್ನಡಿಗನೇ ನಿಂತು ಚರಿತ್ರೆಯಿಲ್ಲ ಎಂದರೆ, ಉಂಡ ಎಲೆಗೆ ಉಗುಳಿದ ಹಾಗಲ್ಲವೇ?

"ಅದೆಲ್ಲಾ ಹಳೇ ಕಥೆ, ಈಗ ಅಲ್ಲಿ ಕೆಲಸವೇ ಇಲ್ಲವಲ್ಲ" ಎನ್ನುವಿರಿ. ೧೯೮೯ರಲ್ಲಿ ನ್ಹಾವಾ ಶೇವಾದ ಬಂದರು ತೆರೆದ ಮೇಲೆ ಮಾಲು ಆ ದಡಕ್ಕೆ ಹೋದದ್ದು ನಿಜ. ಆದರೆ ಭಾವುಚಾ ಧಕ್ಕಾದಲ್ಲಿ ನಸುಕಿಗೇ ಮೀನಿನ ಬುಟ್ಟಿಗಳು ಇಳಿಯುತ್ತವೆ. ಮಜಗಾಂವ್ ಡಾಕಿನಲ್ಲಿ ಹಡಗು ಕಟ್ಟುತ್ತಾರೆ. ೧೯೭೧ರ ಯುದ್ಧದಲ್ಲಿ ಹೆಸರು ಮಾಡಿದ 'ವಿಕ್ರಾಂತ'ವನ್ನು ೨೦೧೪ರಲ್ಲಿ ತುಂಡು ತುಂಡು ಮಾಡಿದ್ದು ದಾರುಖಾನೆಯ ಗ್ಯಾಸ್ ಕಟರಿನವರು.

ನಾನು ಗುಜರಿಯನ್ನು ಪೂಜಿಸುವವನಲ್ಲ. ಹಳೇ ಹಡಗಿನ ಕಲ್ನಾರಿನ ಧೂಳು ಕುಡಿದು ಎದೆ ಕೆಡಿಸಿಕೊಳ್ಳುವ ಕೆಲಸ ಯಾರ ಮಗನಿಗೂ ಬೇಡ. ೨೦೧೩ರ ಸೆಪ್ಟೆಂಬರಿನಲ್ಲಿ ಡಾಕ್‌ಯಾರ್ಡ್ ರೋಡಿನಲ್ಲಿ ಮಹಾನಗರ ಪಾಲಿಕೆಯ ನೌಕರರು ವಾಸವಿದ್ದ ಕಟ್ಟಡವೇ ಕುಸಿದು ೬೧ ಜೀವಗಳು ಹೋದವು. ಅಂಥ ಮನೆಗಳು ಹಾಗೆಯೇ ಇರಲಿ ಎಂದು ಯಾವ ಮೂರ್ಖನೂ ಹೇಳಲಾರ. ಜಾಗ ಬದಲಾಗಲಿ. ಪ್ರಶ್ನೆ ಇಷ್ಟೇ: ಬದಲಾದ ಮೇಲೆ ಅಲ್ಲಿ ಯಾರಿರುತ್ತಾರೆ?

ಗಿರಣಿಯ ಬಂಧುಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ೧೯೮೨ರ ಜನವರಿ ೧೮ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ೧೯೯೧ರ ನಿಯಮ ಏನೆಂದಿತು? ಗಿರಣಿ ಜಮೀನಿನಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲಕನಿಗೆ. ಕೇಳಲು ಎಷ್ಟು ಚೆಂದ! ೨೦೦೧ರಲ್ಲಿ ಸದ್ದಿಲ್ಲದೆ ತಿದ್ದಿದರು: ಹಂಚಿಕೆ ಬರೀ ಖಾಲಿ ಜಾಗಕ್ಕೆ ಮಾತ್ರ, ಕಟ್ಟಡ ನಿಂತ ನೆಲಕ್ಕಿಲ್ಲ. ೨೦೦೬ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಪರಿಣಾಮವನ್ನು ಲೋವರ್ ಪರಳಕ್ಕೆ ಹೋಗಿ ಕಣ್ಣಾರೆ ನೋಡಿರಿ. ಮಗ್ಗದ ಮುಂದೆ ನಿಂತಿದ್ದವನ ಮಗ ಅದೇ ಜಾಗದ ಗಾಜಿನ ಮಾಳಿಗೆಯ ಬಾಗಿಲು ಕಾಯುತ್ತಿದ್ದಾನೆ.

ಗಿರಣಿಗಳ ಜಮೀನು ಸುಮಾರು ೬೦೦ ಎಕರೆ. ಪೂರ್ವ ದಂಡೆಯಲ್ಲಿ ಬಂದರಿನ ಜಮೀನು ಸುಮಾರು ೧,೮೦೦ ಎಕರೆ. ೨೦೧೪ರಲ್ಲಿ ಕೇಂದ್ರ ಸರಕಾರ ಸಮಿತಿ ನೇಮಿಸಿದಂದಿನಿಂದ ಮರೀನಾ, ವಿಹಾರ ನೌಕೆ, ಉದ್ಯಾನ ಎಂಬ ಮಾತು ನಡೆದೇ ಇದೆ. ೨೦೨೪ರ ಜನವರಿಯಲ್ಲಿ ಶಿವಡಿಯಿಂದ ಸಮುದ್ರದ ಮೇಲೆ ದೊಡ್ಡ ಸೇತುವೆಯೂ ತೆರೆಯಿತು. ಅದರ ಮೇಲೆ ಕಾರು ಹೋಗಬಹುದು. ನಮ್ಮವನ ಮೋಟಾರು ಸೈಕಲಿಗೆ ಪ್ರವೇಶವಿಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿಯಲು ಇಷ್ಟು ಸಾಲದೇ?

ಈಗ ನಮ್ಮ ತಪ್ಪಿನ ಮಾತು. ನಾಳೆ ಅಧಿಕಾರಿ ಪಟ್ಟಿ ಹಿಡಿದು ಬರುತ್ತಾನೆ. ಗೋದಾಮಿನ ಮಾಲಕ ಕಾಗದ ತೋರಿಸುತ್ತಾನೆ, ಗುಡಿಸಲಿನವನು ರೇಶನ್ ಕಾರ್ಡು ತೋರಿಸುತ್ತಾನೆ. ಅಂಗಡಿ ಮುಚ್ಚಿದ ಮೇಲೆ ಮೇಜು ಜೋಡಿಸಿ ಅದರ ಮೇಲೆಯೇ ಮಲಗುವ ನಮ್ಮ ಹುಡುಗ ಏನು ತೋರಿಸುತ್ತಾನೆ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳದ ಚೀಟಿಯಿಲ್ಲ, ವಿಳಾಸವಿಲ್ಲ. ಹತ್ತು ವರ್ಷ ದುಡಿದರೂ ಕಾಗದದಲ್ಲಿ ಅವನು ಹುಟ್ಟಿಯೇ ಇಲ್ಲ. ೧೯೪೪ರ ಕೂಲಿಗಳ ಹಾಗೆ ಅವನೂ ಲೆಕ್ಕಕ್ಕಿಲ್ಲದವನೇ. ನಮ್ಮ ಸಂಘಗಳಿಗೆ ಸನ್ಮಾನಿತರ ಪಟ್ಟಿ ಮಾಡಲು ಬರುತ್ತದೆ; ಇವನ ಪಟ್ಟಿ ಮಾಡಲು ಪುರುಸೊತ್ತಿಲ್ಲ!

ಆದುದರಿಂದ ನನ್ನ ಬೇಡಿಕೆ ಮೂರು. ಒಂದು, ವಡಾಳಾದಿಂದ ಮಸ್ಜಿದ್ ಬಂದರದವರೆಗೆ ಪ್ರತಿ ಹೋಟೆಲು, ಖಾನಾವಳಿ, ಚಹದಂಗಡಿಯ ಕನ್ನಡ ಕಾರ್ಮಿಕರ ಹೆಸರನ್ನು ನಮ್ಮ ಸಂಘ ಬರೆದುಕೊಳ್ಳಬೇಕು. ಎರಡು, ಹಾಜರಿ ಪುಸ್ತಕ, ಸಂಬಳದ ಚೀಟಿ ಕೊಡದ ಧನಿ ಕನ್ನಡಿಗನಾದರೂ ಸರಿ, ಅವನ ಮುಂದೆ ನಿಂತು ಕೇಳಬೇಕು. ಮೂರು, ಗೋದಿಯವರು, ಮೀನಿನವರು, ಗುಡಿಸಲಿನವರು, ಮರಾಠಿಯಾಗಲಿ ಉರ್ದುವಾಗಲಿ, ಅವರೊಡನೆ ಕೂಡಿ ಒಂದೇ ದನಿಯಲ್ಲಿ ಹೇಳಬೇಕು: ಬಂದರಿನ ನೆಲದಲ್ಲಿ ಮೊದಲ ಪಾಲು ಅಲ್ಲಿ ದುಡಿಯುವವನ ಮನೆಗೆ, ಮತ್ತು ಅದು ೨೦೦೧ರ ಹಾಗೆ ತಿದ್ದಲಾಗದ ಕಾಗದದಲ್ಲಿ.

ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬ್ಯಾಪ್ಟಿಸ್ಟ ತೋಟಕ್ಕೆ ಬನ್ನಿರಿ. ಹಾರ ಶಾಲು ಇರುವುದಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇರುತ್ತದೆ. ಮುಖ್ಯ ಅತಿಥಿಗಳಿಗೂ ಆಮಂತ್ರಣವಿದೆ. ಗುಡ್ಡದ ಮೇಲಿಂದ ಗೋದಿಯನ್ನು ತೋರಿಸಿ, ಚರಿತ್ರೆ ಎಲ್ಲಿದೆಯೆಂದು ನಾವೇ ಹೇಳೋಣ.