ಹೊನ್ನಿನ ಚಿಟ್ಟೆಯೂ ಇರುಳಿನ ಪತಂಗವೂ

ಕವಿಸಮಯದಲ್ಲಿ ಪತಂಗಕ್ಕೆ ದೊರೆತಿರುವುದು ಮೂಢನ ಸ್ಥಾನ. ಬೆಳಕಿನ ರೂಪಕ್ಕೆ ಮರುಳಾಗಿ ದೀಪದಲ್ಲಿ ಬಿದ್ದು ಸಾಯುವ ಜೀವವೆಂದು ಅದನ್ನು ಶತಮಾನಗಳಿಂದ ದೃಷ್ಟಾಂತಕ್ಕೆ ಎಳೆದು ತರಲಾಗಿದೆ. ಸಂಸ್ಕೃತದಲ್ಲಿ ಪತಂಗವೆಂಬ ಶಬ್ದಕ್ಕೆ ಸೂರ್ಯನೆಂಬ ಅರ್ಥವೂ ಉಂಟೆಂಬುದನ್ನು ದೃಷ್ಟಾಂತ ಹೇಳುವವರು ಮರೆತಂತಿದೆ. ಚಿಟ್ಟೆಗಾದರೋ ಎಲ್ಲೆಡೆಯೂ ಹೊಗಳಿಕೆ. ಈ ಪಕ್ಷಪಾತವು ನ್ಯಾಯವೇ ಎಂಬುದನ್ನು ಸಹ್ಯಾದ್ರಿಯ ಕಾಡಿನ ಎರಡು ಜೀವಿಗಳನ್ನು ಮುಂದಿರಿಸಿಕೊಂಡು ವಿಚಾರಿಸಬಹುದು.

ಮೊದಲನೆಯದು ಕರ್ನಾಟಕದ ರಾಜ್ಯಚಿಟ್ಟೆಯೆಂಬ ಮನ್ನಣೆ ಪಡೆದ ಸದರ್ನ್ ಬರ್ಡ್‌ವಿಂಗ್. ಮುಂದಿನ ರೆಕ್ಕೆಗಳು ಕಪ್ಪು, ಹಿಂದಿನವು ಹೊನ್ನಿನ ಬಣ್ಣ. ಹರವು 14ರಿಂದ 19 ಸೆಂಟಿಮೀಟರ್. ಇದರ ಮರಿಹುಳು ಈಶ್ವರಿ ಬಳ್ಳಿಯನ್ನೂ ಅದರ ಕುಲದ ಕೆಲವೇ ಗಿಡಗಳನ್ನೂ ತಿಂದು, ಅವುಗಳ ವಿಷವನ್ನೇ ಮೈಗೂಡಿಸಿಕೊಳ್ಳುತ್ತದೆ. ಹಾಡಹಗಲಿನಲ್ಲಿ ಹಕ್ಕಿಗಳ ಕಣ್ಣೆದುರಿಗೇ ನಿರ್ಭಯವಾಗಿ ತೇಲುವ ಗಾಂಭೀರ್ಯವು ಅದಕ್ಕೆ ಆ ವಿಷದ ಬಲದಿಂದ ಬಂದದ್ದು.

ಎರಡನೆಯದು ಅಟ್ಲಾಸ್ ಪತಂಗ. ರೆಕ್ಕೆ ಬಿಚ್ಚಿದರೆ ಗೇಣುದ್ದಕ್ಕೆ ಸಮೀಪಿಸುವ ಈ ಕೆಂಗಂದು ಜೀವಿಯ ರೆಕ್ಕೆಯ ನಡುವೆ ಗಾಜಿನಂತಹ ಮುಕ್ಕೋನದ ಕಿಟಕಿಗಳಿವೆ. ತುದಿಯಲ್ಲಿ ಹಾವಿನ ಹೆಡೆಯ ಹೋಲಿಕೆಯಿದೆ. ವಿಷದ ಆಸರೆ ಇಲ್ಲದ ಇದು ಇರುಳನ್ನೇ ಆಶ್ರಯಿಸಿತು. ಗೂಡಿನಿಂದ ಹೊರಬಂದ ಮೇಲೆ ಇದು ಏನನ್ನೂ ಉಣ್ಣುವುದಿಲ್ಲ. ಉಣ್ಣಲು ಬಾಯೇ ಸರಿಯಾಗಿ ಬೆಳೆದಿರುವುದಿಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಿಂದಲೇ ಒಂದೆರಡು ವಾರ ಬದುಕಬೇಕು. ಅಷ್ಟರಲ್ಲಿ ಗಂಡು ತನ್ನ ಗರಿಯಂತಹ ಮೀಸೆಗಳಿಂದ ಹೆಣ್ಣಿನ ಗಂಧವನ್ನು ಗಾಳಿಯಲ್ಲಿ ಅರಸಿ ಸೇರಬೇಕು. ಇಂತಹ ನಿರಾಹಾರಿಯನ್ನು ಭೋಗಲೋಲುಪನ ಉಪಮೆಗೆ ಬಳಸಿದ್ದು ವಿಚಿತ್ರವೇ ಸರಿ.

ದೀಪದ ಮೋಹದ ಮಾತಂತೂ ಈಗ ನಿಲ್ಲದು. ರಾತ್ರಿ ಹಾರುವ ಅನೇಕ ಕೀಟಗಳು ಬೆಳಕಿನತ್ತ ಬೆನ್ನು ತಿರುಗಿಸಿ ತಮ್ಮ ಸಮತೋಲವನ್ನು ಕಾಯುತ್ತವೆಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ನಿಸರ್ಗದಲ್ಲಿ ಬೆಳಕಿರುವುದು ಆಕಾಶದಲ್ಲಿ. ಪಕ್ಕದಲ್ಲಿ ದೀಪವಿದ್ದರೆ ಆ ಲೆಕ್ಕ ತಪ್ಪಿ, ಜೀವವು ಅದರ ಸುತ್ತ ಸೆರೆಯಾಗುತ್ತದೆ. ಮೋಸಹೋದದ್ದು ಅದು, ಮೋಸ ಮಾಡಿದ್ದು ಮನುಷ್ಯನ ದೀಪ. ಏಳೆಂಟು ಇರುಳುಗಳ ಆಯುಷ್ಯದಲ್ಲಿ ಒಂದಿರುಳು ಹೀಗೆ ಕಳೆದರೆ ನಷ್ಟವೆಷ್ಟೆಂಬುದನ್ನು ಗಣಿತದ ಉಪಾಧ್ಯಾಯರು ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು.

ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯನ್ನು ಉಳಿಸಬೇಕು. ಅದನ್ನು ಶಾಲೆಯ ಬೇಲಿಯಲ್ಲಿಯೇ ಬೆಳೆಸಬಹುದು. ಪತಂಗಕ್ಕೆ ಬೇಕಾದದ್ದು ಕತ್ತಲೆ. ಮಲೆನಾಡಿನ ಶಾಲೆಗಳಿಗೂ ವಸತಿಗೃಹಗಳಿಗೂ ದೀಪಗಳನ್ನು ದಾನವಾಗಿ ನೀಡುವ ಮಹನೀಯರು, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಒಂದು ಮುಚ್ಚಿಗೆಯನ್ನೂ, ಮಕ್ಕಳು ಮಲಗಿದ ಮೇಲೆ ಆರಿಸುವ ಏರ್ಪಾಡನ್ನೂ ಆ ದಾನದೊಳಗೆ ಸೇರಿಸುವುದು ಉಚಿತ.