ಹಿಮದ ದಾರಿಗೆ ಹಗುರ ಜಾಕೆಟ್
ದಾವಣಗೆರೆ, ಹರಿಹರದಿಂದ ಈ ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿರುವ ಎಳೆಯರಿಗೆ ಒಂದು ಮಾತು. ನಮ್ಮೂರ ಚಳಿಗೆ ಸ್ವೆಟರ್ ಸಾಕು. ಸುಮಾರು 3,800 ಮೀಟರ್ ಎತ್ತರದ ಆ ಶಿಖರದಲ್ಲಿ ಬೆಳಗಿನ ಜಾವದ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಿರುತ್ತದೆ, ಅಲ್ಲಿ ಡೌನ್ ಜಾಕೆಟ್ಟೇ ಬೇಕು. ಡೌನ್ ಎಂದರೆ ಬಾತುಕೋಳಿಯ ಗರಿಗಳಡಿಯ ನವಿರು ತುಪ್ಪಳ; ಅದು ಗಾಳಿಯನ್ನು ಹಿಡಿದಿಟ್ಟು ಮೈಬಿಸಿ ಕಾಯುತ್ತದೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಫಿಲ್ ಪವರ್ ನೋಡಿ: 800 ಎಂದರೆ ಒಂದು ಔನ್ಸ್ ತುಪ್ಪಳ 800 ಘನ ಇಂಚು ಜಾಗ ತುಂಬುತ್ತದೆ. ಅಂಕಿ ಹೆಚ್ಚಿದಷ್ಟೂ ಅದೇ ಬಿಸುಪಿಗೆ ತೂಕ ಕಡಿಮೆ. ಆದರೆ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆಂದೂ ಕೇಳಲೇಬೇಕು. ತುಪ್ಪಳವೇ ಕಡಿಮೆಯಿದ್ದರೆ ದೊಡ್ಡ ಅಂಕಿ ಚಳಿ ತಡೆಯದು. ಇನ್ನೊಂದು, ನೆನೆದರೆ ಡೌನ್ ಮುದ್ದೆಗಟ್ಟುತ್ತದೆ. ನಮ್ಮ ಕಡೆಯ ಕರಿ ಕಂಬಳಿ ತೋಯ್ದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದಲ್ಲ, ಆ ಗುಣ ಇದಕ್ಕಿಲ್ಲ. ಹಾಗಾಗಿ ಮಂಜು, ಜಡಿಮಳೆಯ ಮುಳ್ಳಯ್ಯನಗಿರಿಗೆ ಇದನ್ನು ಕೊಳ್ಳುವುದು ದುಡ್ಡು ದಂಡ. ಫ್ಲೀಸ್, ಅದರ ಮೇಲೊಂದು ರೇನ್‌ಕೋಟ್ ಸಾಕು. ಹಿಮಾಲಯಕ್ಕೆ ಒಮ್ಮೆ ಮಾತ್ರ ಹೋಗುವವರು ಸಾವಿರಾರು ರೂಪಾಯಿ ಸುರಿಯಬೇಡಿ. ಚಾರಣ ಶುರುವಾಗುವ ಸಾಂಕ್ರಿಯಲ್ಲೇ ಜಾಕೆಟ್ ಬಾಡಿಗೆಗೆ ಸಿಗುತ್ತದೆ. ಜಿಪ್ಪು, ಹೊಲಿಗೆ ಪರೀಕ್ಷಿಸಿ ತೆಗೆದುಕೊಳ್ಳಿ.