ಭೌತವಿಜ್ಞಾನದ ತರಗತಿಯಲ್ಲಿ ಮೂಕನಾದ ವಿದ್ಯಾರ್ಥಿ



ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಬಲವೆಂದರೇನು, ವೇಗವೆಂದರೇನು, ಜಡತ್ವವೆಂದರೇನು ಎಂಬುದನ್ನು ಚೆನ್ನಾಗಿ ಬಲ್ಲ ಶಿವಮೊಗ್ಗೆಯ ಬಾಲಕನು ಪಿ.ಯು.ಸಿ.ಯ ವಿಜ್ಞಾನದ ತರಗತಿಯಲ್ಲಿ ಕುಳಿತೊಡನೆ ಮೂಕನಾಗುತ್ತಾನೆ. ಅವನು ಕಲಿತುದು ಸುಳ್ಳಾಗಲಿಲ್ಲ. ಒಂದೇ ಬೇಸಗೆಯಲ್ಲಿ ಅದರ ಹೆಸರುಗಳೆಲ್ಲ ಇಂಗ್ಲಿಷಾದುವು, ಅಷ್ಟೆ. ಮೊದಲ ಪರೀಕ್ಷೆಯಲ್ಲಿ ಅಂಕಗಳು ಇಳಿದರೆ, ಹುಡುಗನಿಗೆ ಭೌತವಿಜ್ಞಾನ ತಲೆಗೆ ಹತ್ತದೆಂದು ಮನೆಯವರು ತೀರ್ಪು ಕೊಡುತ್ತಾರೆ. ಸಾಕ್ಷಿಯ ಮಾತನ್ನು ಅವನ ಭಾಷೆಯಲ್ಲಿ ಕೇಳದೆ ಕೊಟ್ಟ ತೀರ್ಪು ಯಾವ ನ್ಯಾಯಾಲಯದಲ್ಲಿ ನಿಂತೀತು?

ಈ ವಿಷಯವನ್ನು ಕಲಿಯಲು ನಮ್ಮ ಜಿಲ್ಲೆಗಿಂತ ಅನುಕೂಲವಾದ ಸ್ಥಳ ವಿರಳ. ೧೬೦ ಅಡಿ ಬೀಳುವ ನಯಾಗರದ ನೀರು ಬುಡದಲ್ಲಿ ಫ್ಯಾರನ್‌ಹೀಟ್ ಮಾಪನದ ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟು ಬಿಸಿಯಾಗುವುದೆಂದು ಆಂಗ್ಲ ವಿಜ್ಞಾನಿ ಜೌಲನು ೧೮೪೫ರಲ್ಲಿ ಲೆಕ್ಕ ಹಾಕಿದನು. ನಮ್ಮ ಜೋಗದ ನೀರು ಸುಮಾರು ೮೩೦ ಅಡಿ ಬೀಳುತ್ತದೆ. ಅದೇ ಲೆಕ್ಕದಂತೆ ಅದು ಒಂದು ಡಿಗ್ರಿಗಿಂತ ತುಸು ಹೆಚ್ಚೇ ಬಿಸಿಯಾಗಬೇಕು. ತುಂತುರಾಗಿ ಹರಡಿ ಗಾಳಿಗೆ ತಣಿಯುವ ನೀರಿನಲ್ಲಿ ಇದನ್ನು ಅಳೆಯುವುದು ಕಷ್ಟ. ಏಕೆ ಕಷ್ಟವೆಂದು ಯೋಚಿಸುವ ಹುಡುಗನು ಉಷ್ಣದ ಪಾಠವನ್ನು ಅರ್ಧ ಕಲಿತಂತೆಯೇ. ಇನ್ನು ಭದ್ರಾವತಿ. ೧೯೨೩ರಲ್ಲಿ ಕಬ್ಬಿಣ ಕರಗಿಸತೊಡಗಿದ ಊರಿನ ಮಕ್ಕಳಿಗೆ, ಕಾದ ಲೋಹವು ಮೊದಲು ಕೆಂಪಾಗಿ ಬಳಿಕ ಬೆಳ್ಳಗಾಗುವುದನ್ನು ಹೇಳಿಕೊಡಬೇಕೆ? ಕಾದ ವಸ್ತುವು ಸೂಸುವ ಬೆಳಕಿನ ಒಗಟನ್ನು ಬಿಡಿಸಹೊರಟೇ ಪ್ಲಾಂಕನು ೧೯೦೦ರಲ್ಲಿ ಕ್ವಾಂಟಂ ಕಲ್ಪನೆಯನ್ನು ಮುಂದಿಟ್ಟನು. ಇಂಥ ನೆರೆಹೊರೆಯನ್ನು ಬಿಟ್ಟು ನಮ್ಮ ವಿದ್ಯಾರ್ಥಿಗಳು ಸೂತ್ರಗಳನ್ನು ಮಂತ್ರದಂತೆ ಉರುಹೊಡೆಯುತ್ತಿದ್ದಾರೆ.

ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ಆಕ್ಷೇಪಣೆ ಹಳಸಲು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನೇ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ೧೯೧೮ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಈಗಲಾದರೋ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಗಳು ೨೦೧೭ರಿಂದಲೂ, ಜೆ.ಇ.ಇ. ಮುಖ್ಯ ಪರೀಕ್ಷೆಯವು ೨೦೨೧ರಿಂದಲೂ ಕನ್ನಡದಲ್ಲಿ ದೊರೆಯುತ್ತಿವೆ. ಪ್ರಶ್ನೆ ಕೇಳುವಾಗ ಸಲ್ಲುವ ಭಾಷೆ ಪಾಠ ಹೇಳುವಾಗ ಸಲ್ಲದೆಂಬುದು ವಿಚಿತ್ರ ನ್ಯಾಯ!

ಇಂಗ್ಲಿಷನ್ನು ಹೊರಹಾಕಿರೆಂದು ನಾವು ಹೇಳುತ್ತಿಲ್ಲ. ಮೇಲಿನ ವ್ಯಾಸಂಗಕ್ಕೆ ಅದು ಬೇಕು. ಬಡವರ ಮಕ್ಕಳಿಗಂತೂ ಇನ್ನೂ ಹೆಚ್ಚು ಬೇಕು. ಆದರೆ ಮೊದಲ ವರ್ಷದ ಮೊದಲ ಮೂರು ತಿಂಗಳಾದರೂ ತತ್ತ್ವವನ್ನು ಕನ್ನಡದಲ್ಲಿ ವಿವರಿಸಿ, ಕರಿಹಲಗೆಯ ಮೇಲೆ ಎರಡು ಹೆಸರುಗಳನ್ನೂ ಜತೆಯಾಗಿ ಬರೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹಣ ಬೇಡ, ಸರಕಾರದ ಆಜ್ಞೆಯೂ ಬೇಡ. ಅಧ್ಯಾಪಕ ಮಿತ್ರರು ಬರುವ ಜೂನ್ ತಿಂಗಳಲ್ಲಿಯೇ ಆರಂಭಿಸಬಹುದು.